ಪೋಷಕರು ಗಮನಿಸುವುದು

(ಬಾನುಲಿ ಭಾಷಣ)

2024ರ ಮಳೆಗಾಲದ ಒಂದು ಸಂಜೆ ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಫೋನು ಮಾಡಿದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ತಡವರಿಸಿ, "ಅಣ್ಣಾ, ನಾನು ನಾಲ್ಕನೇ ಕ್ಲಾಸಲ್ಲಿ ಇದ್ದಾಗಿನ ಪ್ರಗತಿ ಪತ್ರ ಅಮ್ಮನ ಹತ್ರ ಇದ್ಯೇನೋ, ಸ್ವಲ್ಪ ಹುಡುಕ್ತೀಯಾ?" ಎಂದು ಕೇಳಿದ. ಅವನಿಗೆ ಆಗ ನಲವತ್ತೇಳು ವರ್ಷ. ಅವನು ಕೇಳಿದ ಕಾಗದ 1986ನೆಯ ಇಸವಿಯದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು ನಾನು; ಶಾಸನ, ಕಡತ, ಕೈಫಿಯತ್ತುಗಳ ಬೆಲೆಯೇನೆಂಬುದನ್ನು ವರ್ಷವರ್ಷವೂ ಹೊಸ ಹುಡುಗರಿಗೆ ಬಣ್ಣಿಸಿದವನು. ಆದರೂ ಮಲೆನಾಡಿನ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ, ಒಂದು ಟ್ರಂಕಿನ ತಳದಲ್ಲಿ ಬಿದ್ದಿರಬಹುದಾದ ಶಾಲೆಯ ಕಾಗದವನ್ನು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಸಾಕ್ಷ್ಯವಾಗಿ ಕೇಳೀತೆಂದು ನಾನು ಎಣಿಸಿರಲಿಲ್ಲ.

ಆ ಕಾಗದ ಬೇಕಾಗಿದ್ದುದು ಒಂದು ರೋಗನಿರ್ಣಯಕ್ಕಾಗಿ. ಎ.ಡಿ.ಎಚ್.ಡಿ. ಎಂಬ ಹೆಸರನ್ನು ಕೇಳುಗರಲ್ಲಿ ಅನೇಕರು ಮಕ್ಕಳ ಸಂಬಂಧವಾಗಿ ಕೇಳಿರಬಹುದು. ಗಮನವನ್ನು ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲಿಸಲಾಗದಿರುವುದು, ಅತಿಯಾದ ಚಡಪಡಿಕೆ, ಹಿಂದುಮುಂದು ನೋಡದೆ ಮುನ್ನುಗ್ಗುವುದು, ಇವುಗಳೆಲ್ಲ ಅಥವಾ ಇವುಗಳಲ್ಲಿ ಕೆಲವು ಬಾಲ್ಯದಿಂದಲೇ ಒಬ್ಬನಲ್ಲಿ ಬೇರೂರಿ ಅವನ ಓದು, ಕೆಲಸ, ಸಂಸಾರಗಳನ್ನು ಕೆಡಿಸುವಷ್ಟು ಬಲವಾಗಿದ್ದರೆ ವೈದ್ಯರು ಆ ಹೆಸರನ್ನು ಬಳಸುತ್ತಾರೆ. ಇವು ಯಾರಲ್ಲಿಲ್ಲ ಎಂದು ಕೇಳಬಹುದು. ಎಲ್ಲರಲ್ಲಿಯೂ ಉಂಟು, ರಕ್ತದೊತ್ತಡವೂ ಎಲ್ಲರಲ್ಲಿ ಉಂಟು. ಅದು ಒಂದು ಮಟ್ಟವನ್ನು ಮೀರಿದಾಗ ಮಾತ್ರ ನಾವು ಅದನ್ನು ಕಾಯಿಲೆ ಎನ್ನುತ್ತೇವೆ. ವ್ಯತ್ಯಾಸವೆಂದರೆ, ರಕ್ತದೊತ್ತಡವನ್ನು ಅಳೆಯಲು ಒಂದು ಪಟ್ಟಿ ಇದೆ. ಗಮನದ ಕೊರತೆಯನ್ನು ಅಳೆಯುವ ರಕ್ತಪರೀಕ್ಷೆಯಾಗಲಿ ಚಿತ್ರಪರೀಕ್ಷೆಯಾಗಲಿ ಇಂದಿಗೂ ಇಲ್ಲ. ಇರುವುದು ಬದುಕಿನ ಕಥೆಯೊಂದೇ. ಅದನ್ನು ಮೊದಲಿಂದ ಕೇಳಬೇಕು, ಸಾಕ್ಷಿಗಳನ್ನು ಕರೆಯಬೇಕು, ದಾಖಲೆಗಳನ್ನು ನೋಡಬೇಕು. ಎಂದರೆ, ವೈದ್ಯರು ಇತಿಹಾಸಕಾರರಾಗಬೇಕು.

ಈ ತೊಂದರೆಯ ಇತಿಹಾಸವನ್ನು ನಾನು ಓದತೊಡಗಿದ್ದು ತಮ್ಮನ ಆ ಫೋನಿನ ಅನಂತರ. ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿತು. ಚಡಪಡಿಸುವ ಮಗುವನ್ನು ವೈದ್ಯಶಾಸ್ತ್ರ ಬಹು ಹಿಂದೆಯೇ ಕಂಡಿತ್ತು. ಆ ಮಗು ಬೆಳೆದ ಮೇಲೆ ಏನಾಯಿತೆಂದು ಮಾತ್ರ ಬಹುಕಾಲ ಅದು ಕೇಳಲಿಲ್ಲ.

ಮೊದಲಿಗೆ ಹಾಗಿರಲಿಲ್ಲವೆಂಬುದೇ ವಿಶೇಷ. ಮೆಲ್ಕಿಯೋರ್ ಆಡಮ್ ವೈಕಾರ್ಡ್ ಎಂಬ ಜರ್ಮನ್ ವೈದ್ಯನು 1775ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗಮನದ ಕೊರತೆಯ ವಿಷಯವಾಗಿಯೇ ಬರೆದಿದ್ದಾನೆ. ನೊಣ ಹಾರಿದರೆ, ನೆರಳು ಸುಳಿದರೆ ಕೆಲಸ ಬಿಟ್ಟು ಅತ್ತ ತಿರುಗುವವರ ವರ್ಣನೆ ಅಲ್ಲಿದೆ. ಅದು ಮಕ್ಕಳಿಗೆ ಮಾತ್ರ ಸೀಮಿತವಾದ ವರ್ಣನೆಯಲ್ಲ. ಅವನು ಸೂಚಿಸಿದ ಚಿಕಿತ್ಸೆ ಮಾತ್ರ ಆ ಕಾಲಕ್ಕೆ ತಕ್ಕದ್ದು: ತಣ್ಣೀರಿನ ಸ್ನಾನ, ಉಕ್ಕಿನ ಪುಡಿ, ಖನಿಜ ಜಲ, ಕುದುರೆ ಸವಾರಿ. ಮುಂದೆ 1798ರಲ್ಲಿ ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಕ್ರೈಟನ್ ಮನೋವಿಕಾರಗಳ ಕುರಿತ ತನ್ನ ದೊಡ್ಡ ಗ್ರಂಥದಲ್ಲಿ ಗಮನಕ್ಕೆ ಬರುವ ರೋಗಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಕೆಲವರು ಹುಟ್ಟಿನಿಂದಲೇ ಹೀಗಿರುತ್ತಾರೆ, ಪಾಠ ಅವರಿಗೆ ಹತ್ತುವುದಿಲ್ಲ ಎಂದು ಸೂಕ್ಷ್ಮವಾಗಿ ಗುರುತಿಸಿದವನು ಅವನು. ಮುಂದೆ ರಷ್ಯದ ಚಕ್ರವರ್ತಿಗೆ ವೈದ್ಯನಾದವನು. ಆದರೆ ಅದೇ ಅಧ್ಯಾಯದಲ್ಲಿ ಅವನು ಸಮಾಧಾನದ ಮಾತೊಂದನ್ನೂ ಸೇರಿಸಿದ: ಅದೃಷ್ಟವಶಾತ್ ವಯಸ್ಸಾದಂತೆ ಇದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದು.

ಈ ಒಂದು ಮಾತಿನ ಆಯುಸ್ಸು ದೊಡ್ಡದು. ಇತಿಹಾಸದಲ್ಲಿ ಇಂಥವನ್ನು ನಾವು ಕಾಣುತ್ತೇವೆ. ಯಾರೋ ಒಬ್ಬರು ಸದುದ್ದೇಶದಿಂದ ಹೇಳಿದ ಮಾತು ಪರೀಕ್ಷೆಯಿಲ್ಲದೆ ಪುಸ್ತಕದಿಂದ ಪುಸ್ತಕಕ್ಕೆ ಇಳಿದುಬರುತ್ತದೆ. ಹತ್ತೊಂಬತ್ತನೆಯ ಶತಮಾನಕ್ಕೆ ಬರುವಷ್ಟರಲ್ಲಿ ಚಡಪಡಿಕೆಯೆಂದರೆ ಮಕ್ಕಳದೇ ಎಂದಾಯಿತು. 1840ರ ದಶಕದಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಕ್ ಹಾಫ್‌ಮನ್ ತನ್ನ ಚಿಕ್ಕ ಮಗನಿಗಾಗಿ ಬರೆದು ಚಿತ್ರ ಬಿಡಿಸಿದ ಪದ್ಯಗಳ ಪುಸ್ತಕ ಯುರೋಪಿನ ಮನೆಮನೆಗೂ ಹೋಯಿತು. ಅದರಲ್ಲಿ ಫಿಲಿಪ್ ಎಂಬ ಹುಡುಗನೊಬ್ಬ ಊಟದ ಮೇಜಿನ ಮುಂದೆ ಕುರ್ಚಿಯನ್ನು ಜೋಲಾಡಿಸುತ್ತ ಕಡೆಗೆ ಮೇಜಿನ ಬಟ್ಟೆಯನ್ನೇ ಹಿಡಿದೆಳೆದು ಊಟದ ಸಮೇತ ನೆಲಕ್ಕುರುಳುತ್ತಾನೆ. ಅಪ್ಪನಿಗೆ ಸಿಟ್ಟು, ಅಮ್ಮನದು ಮೌನ. ಆ ಹುಡುಗ ನಲವತ್ತು ವರ್ಷದವನಾದಾಗ ಯಾವ ಮೇಜಿನ ಮುಂದೆ ಕುಳಿತಿದ್ದನೆಂಬುದು ಪದ್ಯದಲ್ಲಿಲ್ಲ.

1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಮೂರು ಉಪನ್ಯಾಸಗಳನ್ನು ಕೊಟ್ಟರು. ಬುದ್ಧಿಗೇನೂ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿದು ನಿಲ್ಲಿಸಲಾಗದ ಮಕ್ಕಳನ್ನು ಅವರು ವಿವರಿಸಿದರು. ಇದು ತಂದೆತಾಯಿಗಳ ಸಾಕಣೆಯ ದೋಷವಲ್ಲ, ಶರೀರದಲ್ಲಿಯೇ ಇದಕ್ಕೊಂದು ಮೂಲವಿರಬೇಕು ಎಂದರು. ಇಂದಿನ ತಿಳಿವಳಿಕೆಗೆ ಅದು ಹತ್ತಿರವಾದ ಮಾತು. ಆದರೆ ಅವರು ಅದಕ್ಕೆ ಕೊಟ್ಟ ಹೆಸರು ನೈತಿಕ ನಿಯಂತ್ರಣದ ಕೊರತೆ. ಹೆಸರಿನಲ್ಲಿ ನೀತಿ ಸೇರಿಕೊಂಡ ಮೇಲೆ ರೋಗಿ ಅಪರಾಧಿಯಾಗಲು ಹೆಚ್ಚು ಹೊತ್ತು ಬೇಡ. ಇದರಲ್ಲಿ ನಮ್ಮ ಭಾಷೆಯೂ ನಿರಪರಾಧಿಯಲ್ಲ. ಲಕ್ಷ್ಯ ಎಂದರೆ ಗಮನ. ಅಲಕ್ಷ್ಯ ಎಂದರೆ ಗಮನವಿಲ್ಲದಿರುವುದು ಎಂದಾಗಬೇಕಿತ್ತು. ಬಳಕೆಯಲ್ಲಿ ಅದರ ಅರ್ಥ ತಾತ್ಸಾರ, ಉಪೇಕ್ಷೆ. ಲಕ್ಷ್ಯವಿಡಲಾರದವನನ್ನೂ ಲಕ್ಷ್ಯವಿಡಲೊಲ್ಲದವನನ್ನೂ ನಾವು ಒಂದೇ ಮಾತಿನಿಂದ ಹೊಡೆಯುತ್ತ ಬಂದಿದ್ದೇವೆ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪು ಅಮೆರಿಕಗಳಲ್ಲಿ ಹಬ್ಬಿದ ಮಿದುಳಿನ ಉರಿಯೂತದ ಪಿಡುಗಿನಿಂದ ಬದುಕಿ ಉಳಿದ ಮಕ್ಕಳಲ್ಲಿ ಕೆಲವರು ಇದ್ದಕ್ಕಿದ್ದಂತೆ ತಡೆಯಿಲ್ಲದ ಚಡಪಡಿಕೆಗೆ ಒಳಗಾದರು. ಹಾಗಾಗಿ ಇದು ಮಿದುಳಿಗಾದ ಏಟಿನ ಫಲವೆಂಬ ಭಾವನೆ ಬಲವಾಯಿತು. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಕೊಟ್ಟು ನೋಡಿದರು. ಉತ್ತೇಜಕದಿಂದ ಮಕ್ಕಳು ಇನ್ನಷ್ಟು ಕುಣಿಯಬೇಕಾಗಿತ್ತು. ಆದರೆ 14 ಮಕ್ಕಳು ಶಾಲೆಯ ಪಾಠದಲ್ಲಿ ಬೆರಗುಗೊಳಿಸುವಷ್ಟು ಮುಂದೆ ಬಂದರು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪ್ಯಾನಿಜ಼ನ್ ಮೀಥೈಲ್‌ಫೆನಿಡೇಟನ್ನು ತಯಾರಿಸಿದರು. ಅದನ್ನು ನುಂಗಿ ಟೆನಿಸ್ ಆಡಿ ನೋಡಿದ ಪತ್ನಿ ರೀಟಾಳ ಹೆಸರಿನಿಂದಲೇ ಅದಕ್ಕೆ ರಿಟಾಲಿನ್ ಎಂಬ ಹೆಸರು ಬಂತು. ಔಷಧ ಸಿಕ್ಕಿತು, ಆದರೆ ಅದೂ ಮಕ್ಕಳಿಗೇ. ಅಮೆರಿಕದ ಮನೋವೈದ್ಯರ ಸಂಘ 1968ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿ ಇದನ್ನು ಬಾಲ್ಯದ ತೊಂದರೆಯೆಂದು ಹೆಸರಿಸಿ, ಹದಿಹರೆಯದಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ ಎಂದು ಬರೆಯಿತು. ಕ್ರೈಟನ್ನನ ಸಮಾಧಾನದ ಮಾತು ನೂರ ಎಪ್ಪತ್ತು ವರ್ಷಗಳ ಮೇಲೆಯೂ ಹಾಗೆಯೇ ಉಳಿದಿತ್ತು.

ಆ ಮಾತನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಮುಖ್ಯರಾದವರು ಪಾಲ್ ವೆಂಡರ್. ಮಕ್ಕಳನ್ನು ಕರೆತಂದ ತಂದೆತಾಯಿಗಳನ್ನು ನೋಡಿ, ತಾವೂ ಚಿಕ್ಕಂದಿನಲ್ಲಿ ಹೀಗೆಯೇ ಇದ್ದೆವು, ಈಗಲೂ ಹೀಗೆಯೇ ಇದ್ದೇವೆ ಎಂಬ ಅವರ ಮಾತನ್ನು ತಳ್ಳಿಹಾಕದೆ ಕೇಳಿದವರು ಅವರು. 1976ರಲ್ಲಿ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಅವರೂ ಅವರ ಸಂಗಡಿಗರೂ 15 ಮಂದಿ ವಯಸ್ಕರ ಅಧ್ಯಯನವನ್ನು ಪ್ರಕಟಿಸಿದರು. ಬೆಳೆದವರಲ್ಲಿಯೂ ತೊಂದರೆ ಉಳಿದಿರಬಹುದು, ಔಷಧ ಅವರಿಗೂ ನೆರವಾಗಬಹುದು ಎಂಬುದಕ್ಕೆ ಅದು ಮೊದಲ ಸಾಕ್ಷ್ಯಗಳಲ್ಲೊಂದು. ಆ ಅಧ್ಯಯನದಲ್ಲಿ ಅವರು ವಯಸ್ಕ ರೋಗಿಗಳ ಬಾಲ್ಯವನ್ನು ತಿಳಿಯಲು ಅವರ ತಾಯಂದಿರನ್ನೇ ವಿಚಾರಿಸಿದರು. ತಾಯಿಯನ್ನು ಸಾಕ್ಷಿಯಾಗಿ ಕರೆಯುವ ಪದ್ಧತಿ ಅಂದಿನಿಂದ ಇಂದಿನವರೆಗೆ ನಡೆದುಬಂದಿದೆ.

1980ರ ಕೈಪಿಡಿಯಲ್ಲಿ ಎರಡು ಬಾಗಿಲುಗಳು ತೆರೆದವು. ಕುಣಿದಾಟವಿಲ್ಲದೆ ಗಮನದ ಕೊರತೆಯೊಂದೇ ಇರಬಹುದೆಂದು ಅದು ಒಪ್ಪಿತು. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತಿರುತ್ತಿದ್ದ ಹುಡುಗಿಯರು ಲೆಕ್ಕಕ್ಕೆ ಬರಲು ಇದರಿಂದ ಅವಕಾಶವಾಯಿತು. ವಯಸ್ಕರಿಗೂ ಅದು ಒಂದು ಜಾಗ ಕೊಟ್ಟಿತು, ಶೇಷರೂಪ ಎಂಬ ಹೆಸರಿನಲ್ಲಿ. ಬಾಲ್ಯದ ಕಾಯಿಲೆಯಲ್ಲಿ ತೀರದೆ ಉಳಿದ ಬಾಕಿ, ಎಂದು ಅರ್ಥ. ಎ.ಡಿ.ಎಚ್.ಡಿ. ಎಂಬ ಇಂದಿನ ಹೆಸರು ಬಂದದ್ದು 1987ರಲ್ಲಿ. ವಯಸ್ಕರಿಗೆ ಲಕ್ಷಣಗಳ ಸಂಖ್ಯೆಯನ್ನು ಆರರಿಂದ ಐದಕ್ಕೆ ಇಳಿಸಿ, ಲಕ್ಷಣಗಳು ಏಳು ವರ್ಷದೊಳಗೆ ತೋರಿರಬೇಕೆಂಬ ನಿಯಮವನ್ನು ಹನ್ನೆರಡಕ್ಕೆ ಸಡಿಲಿಸಿದ್ದು 2013ರಲ್ಲಿ. ನನ್ನ ತಮ್ಮನಿಗೆ ನಾಲ್ಕನೆಯ ತರಗತಿಯ ಕಾಗದ ಏಕೆ ಬೇಕಾಗಿತ್ತೆಂಬುದು ಈಗ ಸ್ಪಷ್ಟವಾಗಿರಬೇಕು. ಆಗ ಅವನಿಗೆ ಒಂಬತ್ತು ವರ್ಷ.

ಇನ್ನು ಇಂಗ್ಲೆಂಡಿನ ಮಾತು. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು. ಕಾಯಿಲೆ ಬಿದ್ದವನ ಜೇಬನ್ನು ನೋಡದೆ ಅವನ ನಾಡಿಯನ್ನು ನೋಡಬೇಕೆಂಬ ತತ್ತ್ವದ ಮೇಲೆ ನಿಂತ ಸಂಸ್ಥೆ ಅದು. ಇಪ್ಪತ್ತನೆಯ ಶತಮಾನದ ದೊಡ್ಡ ಮಾನವೀಯ ಸಾಧನೆಗಳಲ್ಲಿ ಒಂದೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ಬ್ರಿಟನ್ನಿನ ವೈದ್ಯರು ಈ ವಿಷಯದಲ್ಲಿ ಅಮೆರಿಕದವರಿಗಿಂತ ಬಹಳ ಬಿಗಿ. ತೀವ್ರವಾದ ಅತಿಚಟುವಟಿಕೆಯಿದ್ದರೆ ಮಾತ್ರ ಅದನ್ನು ಅವರು ಗಣಿಸುತ್ತಿದ್ದರು. ಗುರುತಿಸಲ್ಪಟ್ಟ ಕೆಲವೇ ಮಕ್ಕಳು ಕೂಡ ಹದಿನೆಂಟು ತುಂಬಿದ ದಿನ ಮಕ್ಕಳ ವೈದ್ಯರ ಬಾಗಿಲಿನಿಂದ ಹೊರಬಿದ್ದರೆ, ಮುಂದೆ ತಟ್ಟಲು ಇನ್ನೊಂದು ಬಾಗಿಲಿರಲಿಲ್ಲ. 1990ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ವಯಸ್ಕರಿಗೆಂದು ಒಂದು ಚಿಕಿತ್ಸಾಲಯ ತೆರೆಯಿತು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಎಂಬ ಸಂಸ್ಥೆ 2000ದಲ್ಲಿ ರಿಟಾಲಿನ್ ಬಗೆಗೆ ಹೊರಡಿಸಿದ ಸೂಚನೆ ಮಕ್ಕಳಿಗೆ ಮಾತ್ರ ಸಂಬಂಧಪಟ್ಟಿತ್ತು. 2008ರಲ್ಲಿ ಅದೇ ಸಂಸ್ಥೆ, ಇದು ವಯಸ್ಕರಲ್ಲಿಯೂ ಇರುವ ತೊಂದರೆ, ಅದನ್ನು ಗುರುತಿಸಿ ಚಿಕಿತ್ಸೆ ಕೊಡುವುದು ಸರ್ಕಾರಿ ಸೇವೆಯ ಕರ್ತವ್ಯ ಎಂದು ಮೊದಲ ಬಾರಿಗೆ ಸ್ಪಷ್ಟವಾಗಿ ಬರೆಯಿತು. ಆರೋಗ್ಯ ಸೇವೆಗೆ ಆಗ ಅರುವತ್ತು ವರ್ಷ.

ಆದರೆ ಮಾರ್ಗಸೂಚಿ ಎನ್ನುವುದು ಕಾಗದ. ಕಾಗದದ ಮೇಲೆ ಬಾಗಿಲು ಬರೆದರೆ ಗೋಡೆಯಲ್ಲಿ ಬಾಗಿಲಾಗುವುದಿಲ್ಲ. ತರಬೇತಿ ಪಡೆದ ಮನೋವೈದ್ಯರು, ದಾದಿಯರು, ಚಿಕಿತ್ಸಾಲಯಗಳು ಬೇಕು. ಇತ್ತ ತಲೆಮಾರುಗಳಿಂದ ಯಾರೂ ಗುರುತಿಸದೆ ಬಿಟ್ಟ ಜನ ತಮ್ಮ ಮಕ್ಕಳ ಮೂಲಕವೋ ಸ್ನೇಹಿತರ ಮೂಲಕವೋ ತಮ್ಮ ಕಷ್ಟಕ್ಕೆ ಒಂದು ಹೆಸರುಂಟೆಂದು ತಿಳಿದು ಒಟ್ಟಿಗೆ ಬಂದು ನಿಂತರು. 2025ರ ಮಾರ್ಚಿ ತಿಂಗಳ ಕೊನೆಗೆ ಇಂಗ್ಲೆಂಡಿನಲ್ಲಿ ಈ ಪರೀಕ್ಷೆಗಾಗಿ ಕಾಯುತ್ತಿದ್ದವರು, ಮಕ್ಕಳೂ ದೊಡ್ಡವರೂ ಸೇರಿ, ಸುಮಾರು 5 ಲಕ್ಷ 49 ಸಾವಿರದವರೆಗೆ ಇರಬಹುದೆಂದು ಅಲ್ಲಿಯ ಆರೋಗ್ಯ ಸೇವೆಯೇ ಅಂದಾಜು ಮಾಡಿತು. ಇದು ಹೊಸ ಕಾಲದ ಫ್ಯಾಷನ್ನು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ಸತ್ಯವೂ ಇರಬಹುದು. ಹೆಸರು ಪ್ರಚಾರಕ್ಕೆ ಬಂದಾಗ ಅದು ಸಲ್ಲದವರೂ ಅದನ್ನು ಬಯಸುವುದುಂಟು. ಆದರೆ ಇತಿಹಾಸವನ್ನು ಓದಿದವನಿಗೆ ಈ ಸಾಲು ಬೇರೆಯಾಗಿ ಕಾಣುತ್ತದೆ. ಬಹುಕಾಲ ಕೇಳದೆ ಬಿಟ್ಟ ಒಂದು ಪ್ರಶ್ನೆಯ ಬಾಕಿ, ಬಡ್ಡಿ ಸಮೇತ.

ನನ್ನ ತಮ್ಮ ಆ ಸಾಲಿನಲ್ಲಿ ಸೇರಿದ್ದು 2021ರಲ್ಲಿ. ಮೊದಲು ಅವನ ಮಗಳಿಗೆ ಶಾಲೆಯ ಮೂಲಕ ಪರೀಕ್ಷೆಯಾಗಿ ತೊಂದರೆ ಇದೆಯೆಂದು ಗೊತ್ತಾಯಿತು. ವೈದ್ಯರು ಮಗಳ ವಿಷಯವಾಗಿ ಓದಿ ಹೇಳಿದ ಒಂದೊಂದು ಲಕ್ಷಣಕ್ಕೂ ಅವನ ಹೆಂಡತಿ ಗಂಡನ ಮುಖವನ್ನು ನೋಡಿದಳಂತೆ. ಈ ತೊಂದರೆಯಲ್ಲಿ ವಂಶದ ಪಾಲು ದೊಡ್ಡದೆಂಬುದನ್ನು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಅಲ್ಲಿಯ ಪದ್ಧತಿಯಂತೆ ಅವನು ಮೊದಲು ತನ್ನ ಬಡಾವಣೆಯ ಸಾಮಾನ್ಯ ವೈದ್ಯರ ಬಳಿಗೆ ಹೋದ. ನಿಮಗೆ ಒಳ್ಳೆಯ ಕೆಲಸವಿದೆ, ಸಂಸಾರವಿದೆ, ಮನೆಯಿದೆ, ನಿಮಗೆಲ್ಲಿಯ ಕಾಯಿಲೆ ಎಂದು ಅವರು ನಕ್ಕು ಕಳಿಸಿದರು. ಅವರು ಕಾಣದ ಇನ್ನೊಂದು ಪಟ್ಟಿಯಿತ್ತು: ಬ್ಯಾಂಕಿನಲ್ಲಿ ಹಣವಿದ್ದೂ ಕಟ್ಟದೆ ದಂಡ ಬಿದ್ದ ಬಿಲ್ಲುಗಳು, ಮುಗಿಸದೆ ಬಿಟ್ಟ ಪರೀಕ್ಷೆಗಳು, ಬಿಟ್ಟುಬಂದ ಮೂರು ಕೆಲಸಗಳು, ಹಗಲಿನ ಕೆಲಸವನ್ನು ಮುಗಿಸಲು ಕಳೆದ ಇರುಳುಗಳು. ಎಂಟು ತಿಂಗಳ ಮೇಲೆ ಇನ್ನೊಬ್ಬ ವೈದ್ಯರು ಅವನ ಹೆಸರನ್ನು ಕಳಿಸಿಕೊಟ್ಟರು. ಬಂದ ಪ್ರಶ್ನಾವಳಿಯನ್ನು ತುಂಬಿ ಗೊತ್ತಾದ ದಿನದೊಳಗೆ ಕಳಿಸಬೇಕಾಗಿತ್ತು. ಅವನು ಅದನ್ನು ತುಂಬಿದ, ಕಳಿಸಲು ಮರೆತ. ಹೆಸರು ಪಟ್ಟಿಯಿಂದ ಹೋಯಿತು. ಕಾಲು ಮುರಿದವರ ಚಿಕಿತ್ಸಾಲಯವನ್ನು ಉಪ್ಪರಿಗೆಯ ಮೇಲಿಟ್ಟು ಏಣಿ ಹತ್ತಿ ಬನ್ನಿ ಎಂದಂತಾಯಿತು ಇದು. ಎರಡನೆಯ ಸಲ ಅವನ ಹೆಂಡತಿ ತಾನೇ ಅಂಚೆಗೆ ಹಾಕಿ ಬಂದಳು. ಕರೆ ಬರುವಷ್ಟರಲ್ಲಿ 2024 ಬಂದಿತ್ತು.

ಪರೀಕ್ಷೆ ನಡೆಸಿದವರು ಈ ವಿಷಯದಲ್ಲಿ ವಿಶೇಷ ತರಬೇತಿ ಪಡೆದ ಒಬ್ಬ ದಾದಿ. ನೆದರ್ಲೆಂಡ್ಸಿನ ಮನೋವೈದ್ಯರು ರೂಪಿಸಿದ ಒಂದು ಸಂದರ್ಶನ ಕ್ರಮವಿದೆ. ಹದಿನೆಂಟು ಲಕ್ಷಣಗಳು, ಪ್ರತಿಯೊಂದಕ್ಕೂ ಎರಡು ಪ್ರಶ್ನೆ, ಈಗ ಹೇಗೆ ಮತ್ತು ಚಿಕ್ಕಂದಿನಲ್ಲಿ ಹೇಗೆ ಎಂದು. ಬಾಲ್ಯವನ್ನು ಕಂಡವರೊಬ್ಬರು ಇದ್ದರೆ ಒಳ್ಳೆಯದು. ಎಂಬತ್ತರ ಅಂಚಿನಲ್ಲಿದ್ದ ನಮ್ಮ ಅಮ್ಮನಿಗೆ ಇಂಗ್ಲಿಷ್ ಬಾರದು. ಆದ್ದರಿಂದ ಅಮ್ಮ ಸಾಕ್ಷಿ, ನಾನು ದುಭಾಷಿ. ನಡುಮನೆಯ ಮಂಚದ ಮೇಲೆ ಅವಳ ಪಕ್ಕದಲ್ಲಿ ಕುಳಿತು, ಫೋನನ್ನು ತಂಬಿಗೆಗೆ ಒರಗಿಸಿ ಇಟ್ಟೆ.

ಅಮ್ಮನ ಮೊದಲ ಹೇಳಿಕೆ, "ನನ್ನ ಮಗಂಗೆ ಏನೂ ಆಗಿಲ್ಲ. ಊರಿಗೇ ಬುದ್ಧಿವಂತ ಅವನು" ಎಂದು. ದಾದಿ ಸಹನೆಯಿಂದ ಅದನ್ನು ಬರೆದುಕೊಂಡರು. ಚಿಕ್ಕಂದಿನಲ್ಲಿ ಕುಳಿತಲ್ಲಿ ಕುಳಿತಿರುತ್ತಿದ್ದನೆ ಎಂದು ಕೇಳಿದಾಗ ಅಮ್ಮ ನಕ್ಕು, "ಅವನ ಕಾಲಿಗೆ ಚಕ್ರ ಕಟ್ಟಿತ್ತು ಮಾರಾಯ್ತಿ" ಎಂದಳು. ನಾನು ಅವಸರದಲ್ಲಿ ಅದನ್ನು ಇದ್ದ ಹಾಗೆಯೇ ಅನುವಾದಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ಮಗುವಿಗೆ ನಡೆಯಲು ತೊಂದರೆಯಿತ್ತೆ ಎಂದು ದಾದಿ ಮೃದುವಾಗಿ ಕೇಳಿದರು. ನಾವು ಮೂವರೂ ನಕ್ಕ ಮೇಲೆ ಅಮ್ಮನ ಬಿಗುಮಾನ ಸಡಿಲವಾಯಿತು. ಬೆಲ್ಲ ತರಲು ಅಂಗಡಿಗೆ ಕಳಿಸಿದರೆ ಹೊಳೆಯ ದಂಡೆಯಲ್ಲಿ ಸಿಗುತ್ತಿದ್ದುದು, ಒಂದೇ ಮಳೆಗಾಲದಲ್ಲಿ ನಾಲ್ಕು ಕೊಡೆ ಕಳೆದದ್ದು, ಬಾವಿಕಟ್ಟೆಯ ಮೇಲೆ ನಡೆದದ್ದು, ಎಲ್ಲ ಒಂದೊಂದಾಗಿ ಬಂದವು. ಕೊನೆಗೆ ಅಮ್ಮ ಮೆಲ್ಲನೆ, "ತುಂಬಾ ಹೊಡ್ಸಿಕೊಂಡ ಪಾಪ" ಎಂದಳು. ಅದನ್ನು ನಾನು ಅನುವಾದಿಸಲಿಲ್ಲ. ಹೊಡೆದವರಲ್ಲಿ ದುಭಾಷಿಯೂ ಒಬ್ಬ.

ಇತಿಹಾಸದ ಮೇಷ್ಟರಾಗಿ ನಾನು ಇಂಥ ಸಾಕ್ಷ್ಯವನ್ನು ಒಪ್ಪುತ್ತಿದ್ದೆನೆ? ಮೂವತ್ತೆಂಟು ವರ್ಷಗಳ ಹಿಂದಿನ ನೆನಪು, ಮಗನ ಮೇಲಿನ ಮಮತೆ, ನಡುವೆ ಒಬ್ಬ ಪಕ್ಷಪಾತಿ ದುಭಾಷಿ. ಈ ಸಂದೇಹ ನನ್ನೊಬ್ಬನದಲ್ಲ. ನ್ಯೂಜ಼ಿಲೆಂಡಿನ ಡನೀಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ವಿದ್ವಾಂಸರು ಬಾಲ್ಯದಿಂದ ಅನುಸರಿಸಿಕೊಂಡು ಬಂದಿದ್ದಾರೆ. 2015ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಮೂವತ್ತೆಂಟನೆಯ ವಯಸ್ಸಿನಲ್ಲಿ ಈ ಲಕ್ಷಣಗಳನ್ನು ತೋರಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಬಾಲ್ಯದ ದಾಖಲೆಗಳಲ್ಲಿ ಈ ತೊಂದರೆಯೇ ಇರಲಿಲ್ಲ. ಇದರ ಅರ್ಥದ ಬಗೆಗೆ ಚರ್ಚೆ ಮುಗಿದಿಲ್ಲ. ಕೆಲವರಲ್ಲಿ ಇದು ತಡವಾಗಿ ತೋರುವುದೇ, ಅಥವಾ ಖಿನ್ನತೆಯಂಥ ಬೇರೆ ಕಾಯಿಲೆ ಇದರ ವೇಷ ಹಾಕುವುದೇ ಎಂದು ಕೇಳುತ್ತಾರೆ. ಒಂದಂತೂ ನಿಜ: ನೆನಪೊಂದನ್ನೇ ನಂಬಬಾರದು, ಸಮಕಾಲೀನ ದಾಖಲೆಯಿದ್ದರೆ ಅದಕ್ಕೆ ಬೆಲೆ ಹೆಚ್ಚು. ಅದಕ್ಕಾಗಿಯೇ ಆ ಪ್ರಗತಿ ಪತ್ರ. ನಿಧಾನವಾದ, ಬೇಸರ ಹುಟ್ಟಿಸುವ ಆ ವಿಚಾರಣೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. ಹತ್ತು ನಿಮಿಷದಲ್ಲಿ ಒಂದು ಹೆಸರನ್ನು ಬರೆದುಕೊಡಬಹುದಿತ್ತು, ಅವರು ಬರೆದುಕೊಡಲಿಲ್ಲ.

ನಮ್ಮಲ್ಲಿ ಹೇಗೆ ಎಂಬ ಪ್ರಶ್ನೆ ಸಹಜ. ಕರ್ನಾಟಕ ಈ ಕ್ಷೇತ್ರದಲ್ಲಿ ಬಡ ನಾಡಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಿಂದ ಬೆಳೆದು 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ನಮ್ಮದು. ಕೊರವಂಜಿಯ ರಾಶಿಯವರು, ಎಂದರೆ ಡಾಕ್ಟರ್ ಎಂ. ಶಿವರಾಂ ಅವರು, ಮನೋವೈದ್ಯವನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ, ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡು ಆರಂಭವಾಯಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಇವೆಲ್ಲ ಮೊದಲು ಎದುರಿಸಬೇಕಾಗಿ ಬಂದದ್ದು ತೀವ್ರವಾದ ಮನೋರೋಗ, ಮೂರ್ಛೆರೋಗ, ಖಿನ್ನತೆಗಳನ್ನು. ಕೆಲಸಕ್ಕೆ ಹೋಗಿಬರುತ್ತಿರುವ, ಮೇಲುನೋಟಕ್ಕೆ ಏನೂ ಆಗದ ನಲವತ್ತರ ಗೃಹಸ್ಥ ಆ ಸಾಲಿನಲ್ಲಿ ನಿಲ್ಲಲು ತಾನೇ ನಾಚುತ್ತಾನೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಕಲಿಕೆಯ ನಿರ್ದಿಷ್ಟ ತೊಂದರೆ ಅಲ್ಲಿದೆ, ಇದರ ಹೆಸರಿಲ್ಲ. ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳ ಕಾಯಿದೆಯ ಕಟ್ಟಿನೊಳಗಿನ ಔಷಧ. ನಮ್ಮ ಅನುಕೂಲ ಒಂದೇ, ಸಾಕ್ಷಿಗಳು ಹೇರಳ. ನಮ್ಮಲ್ಲಿ ಒಬ್ಬನ ಬಾಲ್ಯವನ್ನು ಅಮ್ಮನಲ್ಲದೆ ಅತ್ತೆ, ಚಿಕ್ಕಮ್ಮ, ಅಂಗಡಿಯ ಶೆಟ್ಟರು, ಊರಿನ ಮೇಷ್ಟರು ಎಲ್ಲರೂ ಕಂಡಿರುತ್ತಾರೆ. ಕೇಳುವವರು ಬೇಕು.

ತಮ್ಮನಿಗೆ ತೊಂದರೆಯಿರುವುದು ನಿಜವೆಂದು ತೀರ್ಮಾನವಾಯಿತು. ರಕ್ತದೊತ್ತಡ, ನಾಡಿ, ತೂಕಗಳನ್ನು ನೋಡಿಕೊಂಡು ಸ್ವಲ್ಪಸ್ವಲ್ಪವಾಗಿ ಔಷಧವನ್ನು ಏರಿಸುತ್ತಾರೆ. ಅದು ಮಾಯದ ಮದ್ದೇನೂ ಅಲ್ಲವೆಂದು ಅವನೇ ಹೇಳುತ್ತಾನೆ. ಬಿಲ್ಲುಗಳು ಈಗಲೂ ತಡವಾಗುತ್ತವೆ, ಆದರೆ ತಡವಾಗುತ್ತಿವೆಯೆಂದು ಗೊತ್ತಾಗುತ್ತದೆಯಂತೆ. ತೀರ್ಮಾನ ತಿಳಿದ ರಾತ್ರಿ ಅವನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ನಾನು ಸೋಮಾರಿ ಆಗಿರ್ಲಿಲ್ಲ ಅಂತಾಯ್ತಲ್ವೇನಣ್ಣ?"

2013ರಲ್ಲಿ ನಮ್ಮ ಅಪ್ಪ ತೀರಿಕೊಂಡಾಗ ಅವನು ಪಾಸ್‌ಪೋರ್ಟನ್ನು ಮನೆಯಲ್ಲಿ ಮರೆತು ವಿಮಾನ ತಪ್ಪಿಸಿಕೊಂಡು ಒಂದು ದಿನ ತಡವಾಗಿ ಬಂದ. ಅಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ಅಪ್ಪನಿಗಿಂತ ಹೆಚ್ಚಿನದು ಏನಿತ್ತು ನಿನಗೆ ಎಂದು ನಾನು ಬಂದವರೆಲ್ಲರ ಮುಂದೆ ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಕೊಡಲು ಅವನಲ್ಲಿಯೂ ಉತ್ತರವಿರಲಿಲ್ಲ. ಎರಡು ವರ್ಷ ನಾವು ಮಾತನಾಡಲಿಲ್ಲ.

ಆ ಪ್ರಗತಿ ಪತ್ರ ಸಿಕ್ಕಿತು. ಅಪ್ಪನ ಜಮೀನಿನ ಪತ್ರಗಳ ಕೆಳಗೆ, ಮೂಲೆ ಇಲಿ ಕಚ್ಚಿದ್ದರೂ ಅಕ್ಷರಗಳು ಉಳಿದಿದ್ದವು. ಗಣಿತದಲ್ಲಿ ಒಮ್ಮೆ ತೊಂಬತ್ತೆರಡು, ಒಮ್ಮೆ ಮೂವತ್ತೊಂದು. ಅದರ ಕೆಳಗೆ ಮೇಷ್ಟರ ದುಂಡನೆಯ ಕೈಬರಹ: "ಬುದ್ಧಿ ಚುರುಕು. ಲಕ್ಷ್ಯ ಸಾಲದು. ಕುಳಿತಲ್ಲಿ ಕುಳಿತಿರುವುದಿಲ್ಲ. ಪೋಷಕರು ಗಮನಿಸುವುದು." ಆ ಮೇಷ್ಟರು ಯಾವ ವೈದ್ಯಗ್ರಂಥವನ್ನೂ ಓದಿದವರಲ್ಲ. ನೋಡಿದ್ದನ್ನು ಬರೆದರು, ಬೈಗುಳ ಸೇರಿಸಲಿಲ್ಲ. ಮೂವತ್ತೆಂಟು ವರ್ಷಗಳ ಮೇಲೆ ಸಾವಿರಾರು ಮೈಲಿಯಾಚೆ ಅದು ಸಾಕ್ಷ್ಯವಾಯಿತು.

ಅದರ ಕೆಳಗೆ ಪೋಷಕರ ಸಹಿ ಎಂದು ಒಂದು ಗೆರೆ. ಆ ವರ್ಷ ಅಪ್ಪ ಕೆಲಸದ ಮೇಲೆ ಪರಸ್ಥಳದಲ್ಲಿದ್ದರು. ಗೆರೆಯ ಮೇಲಿರುವ ಸಹಿ ನನ್ನದು. ಇಪ್ಪತ್ತೊಂದು ವರ್ಷದವನ ಹೊಸ ಸಹಿ, ಬಾಲ ಎಳೆದು ಸೊಗಸಾಗಿ ಹಾಕಿದ್ದು. ಗಮನಿಸುವುದು ಎಂದು ಬರೆದಿದ್ದರ ಕೆಳಗೇ ಹಾಕಿದ್ದೇನೆ.